ಒಂದು ತಾಸಿನ ವಿಮಾನಕ್ಕೆ ತಳಕಲ್ಲಿನಿಂದ ಹೊರಟಾಗ

"ಒಂದ ತಾಸಿನ್ಯಾಗ ಬೆಂಗಳೂರಂತ?" ಅಂತ ಅವ್ವ ಮೂರನೇ ಸಲ ಕೇಳಿದಾಗ ನಾವು ತಳಕಲ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ವಿ. ಅವಳ ತೊಡೆ ಮೇಲೆ ರೊಟ್ಟಿ ಗಂಟು, ಕಾಲ ಹತ್ತಿರ ಶೇಂಗಾ ಹೋಳಿಗೆ ಡಬ್ಬಿ. ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ತಂಗಿಯ ಕುಬಸ. ಅವ್ವನಿಗೆ ಮೊದಲ ವಿಮಾನ ಪ್ರಯಾಣ.

ನಮ್ಮೂರನ್ನ ಮ್ಯಾಪಿನಲ್ಲಿ ಹುಡುಕೋರು ಕಡಿಮೆ. ಗದಗ–ಕೊಪ್ಪಳದ ನಡುವೆ, ಕುಕನೂರಿನ ಹತ್ತಿರ, ಎರಡೂ ಕಡೆ ಎರೆಹೊಲ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂದ ಮೇಲೆ ಬೇರೆ ಊರಿನ ಹುಡುಗರೂ ಕಾಣಿಸ್ತಾರೆ. 1112ರ ಇಟಗಿ ಮಹಾದೇವ ದೇವಾಲಯ ನೋಡಲು ಬರುವವರಿಗೂ ಇದು ಹತ್ತಿರ. ಆದರೆ ಈಗ ಊರಿನ ಹೆಮ್ಮೆ ಅಂದ್ರೆ ರೈಲು. 257 ಕಿಲೋಮೀಟರಿನ ಗದಗ–ವಾಡಿ ಹೊಸ ಮಾರ್ಗ ಕವಲೊಡೆಯೋದು ನಮ್ಮ ಸ್ಟೇಷನ್ನಿನಿಂದಲೇ. 2025ರ ಮೇ ತಿಂಗಳಲ್ಲಿ ಕುಷ್ಟಗಿವರೆಗೆ ರೈಲು ಓಡಿತು. ವರ್ಷಗಟ್ಟಲೆ ಕಾದಿದ್ದ ಆ ಕಡೆಯ ಜನ ಮೊದಲ ರೈಲನ್ನ ಹಬ್ಬದಂತೆ ಎದುರುಗೊಂಡರು.

ಇಂಥ ಊರಿನವನಾದ ನಾನು ವಿಮಾನದ ಟಿಕೆಟ್ ಯಾಕೆ ತೆಗೆದೆ? ನಿಜ ಹೇಳ್ಬೇಕಂದ್ರೆ, ಅವ್ವನಿಗೆ ಒಮ್ಮೆ ತೋರಿಸೋ ಆಸೆ. ಮೇಲಾಗಿ ಫೋನಿನಲ್ಲಿ ಹುಬ್ಬಳ್ಳಿ–ಬೆಂಗಳೂರು 2,899 ರೂಪಾಯಿ ಅಂತ ಕಂಡಿತು. ಇಬ್ಬರಿಗೆ 5,798. ಆದರೆ ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ಅದು 7,640 ಆಗಿತ್ತು! ಸೀಟು 700, ನಾನು ಕೇಳದೇ ಟಿಕ್ ಆಗಿದ್ದ ವಿಮೆ 398, 'ಅನುಕೂಲ ಶುಲ್ಕ' 744. ವಿಮೆ ತೆಗೆಯಲು ಹೋದರೆ "ಬೇಡ, ನಾನು ಅಪಾಯ ಎದುರಿಸುತ್ತೇನೆ" ಅನ್ನೋ ಬಟನ್ ಒತ್ತಬೇಕು. ಅವ್ವನ ಮೊದಲ ವಿಮಾನಕ್ಕೆ ಆ ಮಾತು ಒತ್ತೋಕೆ ಕೈ ಬರುತ್ತಾ? ಹೇಗೋ ಒತ್ತಿ, ಸೀಟನ್ನೂ ತೆಗೆದು, 6,542ಕ್ಕೆ ಇಳಿಸಿದೆ.

ಈ ಆಟಕ್ಕೆ ಹೆಸರಿದೆ: ಡಾರ್ಕ್ ಪ್ಯಾಟರ್ನ್. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ 13 ಬಗೆಗಳನ್ನ ಪಟ್ಟಿ ಮಾಡಿ ನಿಷೇಧಿಸಿದೆ. ಕೇಳದ್ದನ್ನ ಬುಟ್ಟಿಗೆ ಹಾಕೋದು, ಬೇಡ ಅಂದವರನ್ನ ನಾಚಿಸೋದು, ಬೆಲೆಯನ್ನ ಹನಿಹನಿಯಾಗಿ ತೋರಿಸೋದು, ಎಲ್ಲವೂ ಅದರಲ್ಲಿವೆ. ನನಗಿದು ಗೊತ್ತಾಗಿದ್ದು ಆಮೇಲೆ.

ರೈಲು ಗದಗ ದಾಟಿ ಅಣ್ಣಿಗೇರಿ ಹತ್ತಿರ ಬಂದಾಗ ಫೋನು ಕಿಣಿ ಅಂತು. "ಕಾರ್ಯಾಚರಣೆಯ ಕಾರಣದಿಂದ ನಿಮ್ಮ ವಿಮಾನ ರದ್ದಾಗಿದೆ." ಮುಂದಿನ ಸೀಟು ಮರುದಿನ ಮಧ್ಯಾಹ್ನ. ಕುಬಸ ಬೆಳಿಗ್ಗೆ ಹತ್ತಕ್ಕೆ. ಅವ್ವ ನನ್ನ ಮುಖ ನೋಡಿದ್ಲು, ಏನೂ ಕೇಳಲಿಲ್ಲ. ಕೇಳಿದ್ರೆ ಚಲೋ ಇರ್ತಿತ್ತು.

ಹುಬ್ಬಳ್ಳಿಯಲ್ಲಿ ಇಳಿದು ರಾತ್ರಿಯ ಸ್ಲೀಪರ್ ಬಸ್ಸಿಗೆ 2,600 ಕೊಟ್ಟೆ. ಅವ್ವ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಮಗಳಿಗೆ ಹಸಿರು ಬಳೆ ತೊಡಿಸೋ ಹೊತ್ತಿಗೆ ಹಾಜರಿದ್ದಳು, ಆದರೆ ಕಾಲು ಬಾತು ಕುರ್ಚಿ ಮೇಲೇ ಕೂತಿದ್ದಳು.

ಮೂರು ದಿನದ ಮೇಲೆ 5,798 ರೂಪಾಯಿ ಬಂತು, ಬ್ಯಾಂಕಿಗಲ್ಲ, ಆ್ಯಪಿನ ವಾಲೆಟ್ಟಿಗೆ. ಅನುಕೂಲ ಶುಲ್ಕ ವಾಪಸಿಲ್ಲವಂತೆ. ಯಾರಿಗೆ ಅನುಕೂಲ ಆಯ್ತೋ ದೇವರೇ ಬಲ್ಲ. "ಟಿಕೀಟು ಮಾರಾಕ ಮನಿತನಕ ಬರ್ತಾರ, ರೊಕ್ಕ ಕೇಳಾಕ ಹೋದ್ರ ಮನ್ಯಾಗ ಇರಂಗಿಲ್ಲ" ಅಂದ್ಲು ಅವ್ವ.

ಆಗ ಕೂತು ನಿಯಮ ಓದಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಕಾರ, ಹಣವನ್ನ ಕ್ರೆಡಿಟ್ ಆಗಿ ಇಟ್ಟುಕೊಳ್ಳೋದು ಪ್ರಯಾಣಿಕರ ಇಷ್ಟ, ಕಂಪನಿ ತಾನೇ ತೀರ್ಮಾನಿಸುವಂತಿಲ್ಲ. ಏಜೆಂಟ್ ಮೂಲಕ ಕೊಂಡ ಟಿಕೆಟ್ಟಿಗೂ ಮರುಪಾವತಿಯ ಹೊಣೆ ವಿಮಾನ ಸಂಸ್ಥೆಯದ್ದೇ. ಸರಿಯಾಗಿ ಮುಂಚೆ ತಿಳಿಸದೇ ತನ್ನದೇ ಕಾರಣಕ್ಕೆ ವಿಮಾನ ರದ್ದು ಮಾಡಿದರೆ, ಹಣ ವಾಪಸು ಕೊಡೋದರ ಜೊತೆಗೆ ಪರಿಹಾರವನ್ನೂ ಕೊಡಬೇಕು: ಒಂದು ತಾಸಿನೊಳಗಿನ ಹಾರಾಟಕ್ಕೆ 5,000, ಎರಡು ತಾಸಿನವರೆಗೆ 7,500, ಅದಕ್ಕೂ ಹೆಚ್ಚಿಗೆ 10,000 ರೂಪಾಯಿ; ಇಲ್ಲವೇ ಮೂಲದರ ಮತ್ತು ಇಂಧನ ಶುಲ್ಕದ ಮೊತ್ತ, ಯಾವುದು ಕಡಿಮೆಯೋ ಅದು. ಹವಾಮಾನದಂಥ ಕಾರಣವಾದರೆ ಪರಿಹಾರವಿಲ್ಲ. ಬುಕಿಂಗಿನಲ್ಲಿ ನಿಮ್ಮ ಸಂಪರ್ಕದ ವಿವರ ಇಲ್ಲದಿದ್ದರೂ ಇಲ್ಲ. ಹಾಗಾಗಿ ಯಾರ ಕೈಲಿ ಬುಕ್ ಮಾಡಿಸಿದರೂ ನಂಬರು ನಿಮ್ಮದೇ ಇರಲಿ.

ಇನ್ನೊಂದು: ರಿಯಾಯಿತಿ ಟಿಕೆಟ್ಟನ್ನ ನೀವೇ ರದ್ದು ಮಾಡಿದರೂ, ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ವಾಪಸು ಬರಬೇಕು. 'ನಾನ್ ರಿಫಂಡಬಲ್' ಅಂದ ತಕ್ಷಣ ಕೈಬಿಡಬೇಡಿ.

ನಾನು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ಕೊಟ್ಟೆ. ಎರಡು ವಾರದಲ್ಲಿ ವಾಲೆಟ್ಟಿನ ಹಣ ಬ್ಯಾಂಕಿಗೆ ಬಂತು. ಪರಿಹಾರದ ಮಾತೆತ್ತಿದರೆ ಮಾತ್ರ "ವಿಷಾದಿಸುತ್ತೇವೆ" ಅನ್ನೋ ಒಂದೇ ಮೇಲ್.

ಈಗ ಲೆಕ್ಕ ಹಾಕ್ತೀನಿ. ತಳಕಲ್ಲಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಸುಮಾರು ಎರಡು ತಾಸು, ಅಲ್ಲಿಂದ ಗೋಕುಲ ರಸ್ತೆಗೆ ಆಟೋ, ವಿಮಾನ ನಿಲ್ದಾಣದಲ್ಲಿ ಕಾಯೋದು, ಹಾರೋದು, ದೇವನಹಳ್ಳಿಯಿಂದ ತಂಗಿಯ ಮನೆಗೆ ಟ್ರಾಫಿಕ್. ಎಂಟು ತಾಸಿಗೆ ಕಡಿಮೆ ಇಲ್ಲ. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಬೆಂಗಳೂರು, ನಿದ್ದೆಯೂ ಆಗಿರುತ್ತೆ. ಆ್ಯಪಿನ ಪ್ರಯಾಣ ವಿಮಾನ ನಿಲ್ದಾಣದಿಂದ ಶುರುವಾಗುತ್ತೆ. ನಮ್ಮದು ಮನೆ ಬಾಗಿಲಿನಿಂದ. ಕಾಯಬಾರದ ಕೆಲಸವಿದ್ದಾಗ ಮನೆ ಬಾಗಿಲಿನ ಲೆಕ್ಕವನ್ನೇ ಹಿಡೀಬೇಕು ಅಂತ ಕಲಿತೆ.

ಹಾಗಂತ ಬಿಟ್ಟಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಕಂಪನಿ ಯಾವ ಮಹಾನಗರದಲ್ಲೇ ಇರಲಿ, ದೂರುದಾರರು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಕೊಪ್ಪಳದ ಆಯೋಗಕ್ಕೆ ಅವ್ವನ ಹೆಸರಲ್ಲೇ ಅರ್ಜಿ ಬರೆದಿಟ್ಟಿದ್ದೀನಿ. ಮುಂದಿನ ವಾರ ಊರಿಗೆ ಹೋದಾಗ ಅವಳ ಸಹಿ ಹಾಕಿಸಬೇಕು.

ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದು ಒಂದೇ: "ರೊಕ್ಕ ಬಂದ್ರ, ಮತ್ತ ವಿಮಾನದಾಗ ಕರ್ಕೊಂಡ ಹೋಗ್ತಿಯೇನು?"