ಲಾಂಗ್ ಬೆಲ್ ಆದ ಮೇಲೆ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಡ್ರಿಲ್ ಮೇಷ್ಟ್ರ ಕೆಲಸದಲ್ಲಿ ಎರಡು ಪಾಲು. ಒಂದು ವೇಳಾಪಟ್ಟಿಯಲ್ಲಿ ಇರುವುದು: ಬೆಳಗಿನ ಪ್ರಾರ್ಥನೆ, ಕವಾಯತು, ಒಂದೊಂದು ತರಗತಿಗೆ ವಾರದಲ್ಲಿ ಸಿಗುವ ಆಟದ ಪೀರಿಯಡ್ಡು. ಇನ್ನೊಂದು ಎಲ್ಲಿಯೂ ಬರೆಯದೆ ಇದ್ದದ್ದು: ಸಂಜೆ ಲಾಂಗ್ ಬೆಲ್ ಆದ ಮೇಲೆ ಹೊತ್ತು ಮುಳುಗುವವರೆಗೆ ಮೈದಾನದಲ್ಲಿ ನಡೆಯುತ್ತಿದ್ದ ಆಟ. ನಾನು ಕಣ್ಣಾರೆ ಕಂಡ ಒಳ್ಳೆಯ ಆಟಗಾರರೆಲ್ಲ ಈ ಎರಡನೆಯ ಪಾಲಿನಲ್ಲಿ ತಯಾರಾದವರು. ಕಾವೇರಿ, ಕಪಿಲೆ ಸೇರುವ ತಿರುಮಕೂಡಲು ನರಸೀಪುರದ ಸೀಮೆಯಲ್ಲಿ 1980ರ ದಶಕದ ಕೊನೆಗೆ ಕೆಲಸಕ್ಕೆ ಸೇರಿ, ಅದೇ ಸೀಮೆಯ ಹಳ್ಳಿ ಶಾಲೆಗಳಲ್ಲೇ ಇದ್ದು ನಿವೃತ್ತನಾದೆ. ಈ ಅವಧಿಯಲ್ಲಿ ಮೊದಲನೆಯ ಪಾಲು ಹೇಗೋ ಉಳಿದುಕೊಂಡಿತು. ಎರಡನೆಯದು ಸವೆದು ಹೋದದ್ದನ್ನು ನೋಡಿದೆ. ಅದನ್ನು ಬರೆದಿಡಬೇಕು ಅನ್ನಿಸಿದೆ.

ನಾನು ಸೇರಿದಾಗ ಶಾಲೆಗೆ ನಾಲ್ಕು ಕೊಠಡಿ, ಮುಂದೆ ದೊಡ್ಡ ಬಯಲು. ಬೇಲಿ ಇರಲಿಲ್ಲ. ಸುಗ್ಗಿಯಲ್ಲಿ ಊರವರು ಅದರ ಒಂದು ಮಗ್ಗುಲಲ್ಲಿ ಹುರುಳಿ ಒಣಗಲು ಹಾಕುತ್ತಿದ್ದರು. ಮಳೆಗಾಲ ಮುಗಿಯುತ್ತಿದ್ದಂತೆ ಆರು, ಏಳನೇ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಅಂಕಣ ಮಾಡುವ ಕೆಲಸ. ಹುಲ್ಲು ಕೆತ್ತಿ, ಸಣ್ಣ ಕಲ್ಲು ಆಯ್ದು, ನೀರು ಚಿಮುಕಿಸಿ ತುಳಿದು ಗಟ್ಟಿ ಮಾಡುತ್ತಿದ್ದೆವು. ಹಗ್ಗ ಹಿಡಿದು ಗೆರೆ ಎಳೆಯಲು ಸುಣ್ಣದ ಪುಡಿ, ಅದು ಮುಗಿದರೆ ಒಲೆಯ ಬೂದಿ. ಖೊ ಖೊ ಕಂಬಕ್ಕೆ ನೀಲಗಿರಿ ಮರದ ತುಂಡು. ಅದನ್ನು ನಾಟಿ ನುಣ್ಣಗೆ ಹೆರೆಯದಿದ್ದರೆ ಕಂಬ ಹಿಡಿದು ತಿರುಗುವ ಮಕ್ಕಳ ಅಂಗೈಗೆ ಸಿಬಿರು ಹೊಕ್ಕುತ್ತಿತ್ತು. ಉದ್ದ ಜಿಗಿತದ ಗುಂಡಿಗೆ ಹೊಳೆಯ ಮರಳು ಬೇಕು. ಹೊಳೆ ಹತ್ತಿರವೇ ಇದ್ದುದರಿಂದ ಯಾರಾದರೂ ರೈತರು ಒಂದು ಗಾಡಿ ಮರಳು ತಂದು ಸುರಿದು, ಕಾಸು ಕೇಳದೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದರು. ಆ ಮೈದಾನ ಇಡೀ ಊರಿನ ಕೆಲಸದಿಂದ ಆದದ್ದು. ಹಾಗಾಗಿ ಅದನ್ನು ಕಾಯುವವರೂ ಊರಿನವರೇ ಆಗಿದ್ದರು.

ಬೆಳಗಿನ ಕವಾಯತಿಗೆ ಹಳೆಯ ಪರಂಪರೆ ಇತ್ತು. ಮದ್ರಾಸಿನಲ್ಲಿ 1920ರಲ್ಲಿ ಎಚ್.ಸಿ. ಬಕ್ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನ ಪದ್ಧತಿ ನಮಗೆ ಕಲಿಸಿದವರ ಮೂಲಕ ನಮ್ಮವರೆಗೂ ಬಂದಿತ್ತು. ಇನ್ನೊಂದು ಕಡೆಯಿಂದ ಸೇವಾದಳದ ಶಿಸ್ತು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳದ ಬೇರಿನಿಂದ ಬಂದದ್ದು ಅದು. ‘ಸಾವಧಾನ್, ವಿಶ್ರಾಮ್’ ಅಂದರೆ ಒಂದನೇ ತರಗತಿಯ ಮಗುವೂ ಕಾಲು ಜೋಡಿಸುತ್ತಿತ್ತು. ಆಗಸ್ಟ್ 15 ಬಂತೆಂದರೆ ಲೇಜಿಮು, ಡಂಬೆಲ್ಸು, ಪಿರಮಿಡ್ಡು. ಲೇಜಿಮಿನ ಸರಪಳಿಗಳು ಎಲ್ಲ ಕೈಯಲ್ಲೂ ಒಟ್ಟಿಗೆ ಝಲ್ ಎನ್ನಬೇಕಾದರೆ ತಿಂಗಳ ಅಭ್ಯಾಸ ಬೇಕು. ಓದಿನಲ್ಲಿ ಹಿಂದೆ ಬಿದ್ದ ಮಗು ಆ ಸಾಲಿನಲ್ಲಿ ತಪ್ಪಿಲ್ಲದೆ ನಿಂತು, ಊರವರ ಎದುರು ತಲೆ ಎತ್ತುತ್ತಿತ್ತು. ಈ ಕಾರಣಕ್ಕೇ ಕವಾಯತನ್ನು ನಾನು ಬಹಳ ಗೌರವಿಸುತ್ತೇನೆ.

ಆದರೆ ಆಟ ಬರುವುದು ಸಂಜೆಗೆ. ಲಾಂಗ್ ಬೆಲ್ ಬಾರಿಸುವ ಮೊದಲೇ ಬಾಗಿಲಲ್ಲಿ ಒಂದು ತಲೆ ಇಣುಕುತ್ತಿತ್ತು: “ಇವತ್ತು ಆಟ ಅದಾ ಸಾ?” ಶಾಲಾ ಸಂಸತ್ತಿನ ಕ್ರೀಡಾಮಂತ್ರಿಯ ಕೈಯಲ್ಲಿ ಬೀರುವಿನ ಕೀಲಿ ಕೊಡುತ್ತಿದ್ದೆ. ಬೀರುವಿನಲ್ಲಿ ಇದ್ದದ್ದು ಒಂದು ಥ್ರೋಬಾಲು, ಎರಡು ಟೆನಿಕಾಯಿಟ್ ರಿಂಗು, ಹಳೆಯ ಕಬ್ಬಿಣದ ಗುಂಡು. ಇದ್ದ ಒಂದು ಚೆಂಡನ್ನು ನೂರು ಮಕ್ಕಳಿಗೆ ಹಂಚುವುದು ಹೇಗೆ? ಅದಕ್ಕೇ ನಮ್ಮ ಸೀಮೆಯ ಶಾಲೆಗಳಲ್ಲಿ ಖೊ ಖೊ ಇಷ್ಟು ಆಳವಾಗಿ ಬೇರು ಬಿಟ್ಟಿತು ಎಂದು ನನ್ನ ನಂಬಿಕೆ. ಎರಡು ಕಂಬ, ಗೆರೆ, ಮಕ್ಕಳು ಇದ್ದರೆ ಸಾಕು. ತಂಡಕ್ಕೆ 12 ಜನ, ಅಂಕಣಕ್ಕೆ 9. ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವರು ಅಟ್ಟುತ್ತಾರೆ. ಓಡುವವರು ಮೂರು ಮೂರು ಜನವಾಗಿ ಒಳಗೆ ಬರುತ್ತಾರೆ. ಅವರು ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವರು ಹಿಡಿದ ದಿಕ್ಕನ್ನು ಬಿಡುವಂತಿಲ್ಲ, ಕೂತವರ ಸಾಲನ್ನು ದಾಟುವಂತಿಲ್ಲ, ಕಂಬ ಸುತ್ತಿಯೇ ಆಚೆಗೆ ಹೋಗಬೇಕು. ಆದ್ದರಿಂದ ಒಬ್ಬನ ವೇಗದಿಂದ ಏನೂ ಆಗದು. ಯಾವ ಗಳಿಗೆಯಲ್ಲಿ ಯಾರ ಬೆನ್ನು ಮುಟ್ಟಿ ‘ಖೊ’ ಕೊಡಬೇಕು ಎಂಬ ಲೆಕ್ಕವೇ ಆಟ.

ಇದನ್ನು ಕಲಿಸಲು ವಾರದ ಪೀರಿಯಡ್ಡು ಸಾಲದು. ಕೂತವರು ಏಳುವ ರೀತಿಯೊಂದನ್ನೇ ಕಲಿಸಲು ವಾರಗಟ್ಟಲೆ ಹಿಡಿಯುತ್ತದೆ. ಖೊ ಬೀಳುವ ಮೊದಲೇ ಎದ್ದರೆ ಫೌಲು, ಬಿದ್ದ ಮೇಲೆ ಯೋಚಿಸಿದರೆ ಓಟಗಾರ ಕೈಗೆ ಸಿಗುವುದಿಲ್ಲ. ಓಡುವವರಿಗೆ ಸರಪಳಿ ಆಟ: ಒಬ್ಬರನ್ನು ಬಿಟ್ಟು ಒಬ್ಬರ ನಡುವೆ ಹಾವಿನ ಹಾದಿಯಲ್ಲಿ ಸುತ್ತುತ್ತ, ಅಟ್ಟುವವರ ಉಸಿರು ಖಾಲಿ ಮಾಡುವುದು. ದಿನವೂ ಒಂದು ಗಂಟೆ, ಅದೇ ಮಕ್ಕಳು, ಅದೇ ಅಂಕಣ. ಮೂರನೇ ತರಗತಿಯಲ್ಲಿ ಗೆರೆಯಾಚೆ ಕೂತು ನೋಡುತ್ತಿದ್ದ ಮಗು ಐದಕ್ಕೆ ಬರುವಷ್ಟರಲ್ಲಿ ಯಾರೂ ಹೇಳಿಕೊಡದೆ ಸರಪಳಿ ಕಲಿತಿರುತ್ತಿತ್ತು. ಊರಿನ ಯುವಕ ಸಂಘದ ಹುಡುಗರು ಹೊಲದಿಂದ ಬಂದು ಕಬಡ್ಡಿಗೆ ಇಳಿಯುತ್ತಿದ್ದರು. ನಮ್ಮ ಹಳೆಯ ವಿದ್ಯಾರ್ಥಿಗಳೇ ಚಿಕ್ಕವರಿಗೆ ಹಿಡಿತ ತೋರಿಸುತ್ತಿದ್ದರು. ಮೇಷ್ಟ್ರು ಒಬ್ಬನೇ ಇದ್ದರೂ ಕಲಿಸುವವರು ಹತ್ತಾರು ಜನ.

ಹೆಣ್ಣುಮಕ್ಕಳನ್ನು ಆ ಹೊತ್ತಿನಲ್ಲಿ ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಸಂಜೆ ನೀರು ತರಬೇಕು, ತಮ್ಮ ತಂಗಿಯರನ್ನು ನೋಡಬೇಕು, ಹಸು ಹಿಡಿದುಕೊಂಡು ಬರಬೇಕು. ಮನೆ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದೆ. “ಹೊತ್ತು ಮುಳುಗೋದ್ರೊಳಗೆ ಮಗಿನ್ನ ಕಳ್ಸಿಬುಡಿ ಮೇಷ್ಟ್ರೇ” ಎಂದು ಒಪ್ಪಿದ ತಾಯಂದಿರೇ ಹೆಚ್ಚು. ಏಳನೇ ತರಗತಿಗೆ ಬಂದ ಹುಡುಗಿ ದೊಡ್ಡವಳಾದರೆ ಆಟ ಬಿಡಿಸುತ್ತಿದ್ದರು. ಆಗ ಶಾಲೆಯ ಅಕ್ಕೋರು ಹೋಗಿ ಆ ಮನೆಯ ಹೆಂಗಸರ ಜೊತೆ ಮಾತಾಡಿ ಕರೆತಂದದ್ದುಂಟು. ಲಂಗದ ಒಳಗೆ ಅಣ್ಣನ ಚಡ್ಡಿ ಹಾಕಿಕೊಂಡು, ಲಂಗ ಎತ್ತಿ ಸಿಕ್ಕಿಸಿ ಆಡುತ್ತಿದ್ದ ಆ ಮಕ್ಕಳ ಓಟವನ್ನು ನಾನು ಮರೆಯಲಾರೆ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಟ್ರ್ಯಾಕ್ಟರಿನಲ್ಲಿ ಹೋಗಿ, ಗೆದ್ದು ಶೀಲ್ಡು ಹಿಡಿದು ರಾತ್ರಿ ಊರಿಗೆ ಬಂದಾಗ ತಮಟೆ ತಂದವರು ಅದೇ ಅಪ್ಪಂದಿರು. ಹೋಬಳಿಯಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಹೀಗೆ ಮೆಟ್ಟಿಲು ಇದ್ದವು. ನಮ್ಮ ಊರಿನ ಎಷ್ಟೋ ಹುಡುಗಿಯರು ಮೈಸೂರನ್ನು ಮೊದಲು ನೋಡಿದ್ದು ಆಟದ ತಂಡದ ಜೊತೆಗೆ.

ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆಗ ಮಕ್ಕಳು ಹಸಿದು ಆಡುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ತಲೆ ಸುತ್ತಿ ಬೀಳುವ ಮಗುವನ್ನು ಎತ್ತಿಕೊಂಡು ಹೋಗಿ ನೆರಳಲ್ಲಿ ಕೂರಿಸುವುದು ಡ್ರಿಲ್ ಮೇಷ್ಟ್ರ ಕೆಲಸವೇ ಆಗಿತ್ತು. ಅಕ್ಷರ ದಾಸೋಹದ ಬಿಸಿಯೂಟ ನಮ್ಮ ಕಡೆಗೆ ಬಂದ ಮೇಲೆ ಅದು ಕಡಿಮೆಯಾಯಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2015ರ ಸುಮಾರಿಗೆ ಸರ್ಕಾರ ಶೂ, ಕಾಲುಚೀಲ ಕೊಡತೊಡಗಿತು. ಓಡಲು ಮಾಡಿದ ಶೂ ಅವಲ್ಲ, ಮಕ್ಕಳು ಅವನ್ನು ಗೆರೆಯ ಪಕ್ಕ ಸಾಲಾಗಿ ಬಿಚ್ಚಿಟ್ಟು ಬರಿಗಾಲಲ್ಲೇ ಇಳಿಯುತ್ತಿದ್ದರು. ಆದರೂ ಮುಳ್ಳು ತುಳಿದು ಕೀವಾದ ಕಾಲುಗಳು ಅಪರೂಪವಾದವು. ಊಟ ಮಾಡಿದ, ಗಾಯವಿಲ್ಲದ ಮಗುವಿನ ಓಟವೇ ಬೇರೆ. ಈ ಯೋಜನೆಗಳಿಗೆ ನಾನು ಮನಸಾರೆ ಕೃತಜ್ಞ.

ಮಕ್ಕಳಿಗೆ ಬಲ ಬಂದ ಈ ವರ್ಷಗಳಲ್ಲೇ ಮೈದಾನ ಕರಗಿತು. 2001ರಲ್ಲಿ ಆರಂಭವಾದ ಸರ್ವ ಶಿಕ್ಷಣ ಅಭಿಯಾನದಿಂದ ಶಾಲೆಗೆ ಹೊಸ ಕೊಠಡಿಗಳು ಬಂದವು. ಮಕ್ಕಳು ಮರದಡಿ ಕೂತು ಓದುತ್ತಿದ್ದ ಕಾಲ ಅದು, ಕೊಠಡಿ ಬೇಕೇ ಬೇಕಿತ್ತು. ಕಟ್ಟಿದ್ದು ಮಾತ್ರ ಬಯಲಿನಲ್ಲಿ. ಆಮೇಲೆ ಅಡುಗೆ ಮನೆ, ಶೌಚಾಲಯ, ಅಂಗನವಾಡಿ, ನೀರಿನ ಟ್ಯಾಂಕು. ಒಂದೊಂದೂ ನ್ಯಾಯವಾದದ್ದೇ, ಒಂದೊಂದೂ ಅಂಕಣದ ಒಂದು ಮೂಲೆಯನ್ನು ಕೇಳಿತು. ಮೊದಲು 100 ಮೀಟರ್ ಓಟದ ದಾರಿ ಹೋಯಿತು, ನಂತರ ಜಿಗಿತದ ಗುಂಡಿ, ಕೊನೆಗೆ ಖೊ ಖೊ ಅಂಕಣ ಓರೆಯಾಗಿ ಎಳೆದರೂ ಹಿಡಿಸದಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎನ್ನುತ್ತದೆ. ಎಷ್ಟು ದೊಡ್ಡದಿರಬೇಕು ಎಂದು ಅದರ ಅನುಸೂಚಿಯಲ್ಲಿ ಇಲ್ಲ. ಹಾಗಾಗಿ ಉಳಿದ ಅಂಗಳವೂ ಕಡತದಲ್ಲಿ ಮೈದಾನವಾಯಿತು. ಹೊಳೆಯ ಮರಳೂ ಕೈಗೆಟುಕದಾಯಿತು. ಊರೂರಲ್ಲಿ ಮನೆ ಕಟ್ಟುವ ಭರಾಟೆಯಲ್ಲಿ ಅದರ ಬೆಲೆ ಏರಿ, ಗಾಡಿಗಟ್ಟಲೆ ದಾನ ಕೊಡುವ ಮಾತು ನಿಂತಿತು. ಬದಲಿಗೆ ಬಂದ ಎಂ-ಸ್ಯಾಂಡು ಕಲ್ಲು ಪುಡಿ ಮಾಡಿದ್ದು. ಅದರ ಮೇಲೆ ಬಿದ್ದರೆ ಮಂಡಿ ತರಚುತ್ತದೆ, ಜಿಗಿತಕ್ಕೆ ಅದು ಒದಗುವುದಿಲ್ಲ.

ನೆಲಕ್ಕಿಂತ ದೊಡ್ಡ ನಷ್ಟ ಹೊತ್ತಿನದು. ಕಾನ್ವೆಂಟಿನ ಹಳದಿ ವ್ಯಾನು ಊರಿಗೆ ಬಂತು. ಅದರಲ್ಲಿ ಹೋಗುವ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಉಳಿಯುವ ಮಾತೇ ಇಲ್ಲ, ವ್ಯಾನು ಕಾಯುವುದಿಲ್ಲ. ಊರಿಗೆ ಇಳಿದರೆ ಟ್ಯೂಷನ್ನು. ನಮ್ಮ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. ಹುದ್ದೆ ನಿಂತಿರುವುದು ಸಂಖ್ಯೆಯ ಮೇಲೆ. ಆರರಿಂದ ಎಂಟನೇ ತರಗತಿಯವರೆಗೆ 100ಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ನೂರು ದಾಟದ ಹಳ್ಳಿ ಶಾಲೆಗೆ ಅದೂ ಇಲ್ಲ. ಡ್ರಿಲ್ ಮೇಷ್ಟ್ರು ನಿವೃತ್ತರಾದ ಶಾಲೆಗಳಲ್ಲಿ ಆಟದ ಪೀರಿಯಡ್ಡು ಗಣಿತ, ಇಂಗ್ಲಿಷಿನ ಪಾಲಾಯಿತು. ಉಳಿದ ನಮ್ಮ ಸಂಜೆಗಳೂ ಗಣತಿ, ಮತದಾರರ ಪಟ್ಟಿ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಕ್ಕೆ ಹೋದವು. ದೈಹಿಕ ಶಿಕ್ಷಕರನ್ನು ಉಳಿದ ಶಿಕ್ಷಕರ ಸಮಕ್ಕೆ ಕಾಣಬೇಕು, ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿಯಾಗಬೇಕು ಎಂದು ನಮ್ಮ ಸಂಘದವರು ವರ್ಷಗಟ್ಟಲೆ ಮನವಿ ಕೊಡುತ್ತಲೇ ಬಂದರು.

ಸಂಜೆಯ ಆಟವನ್ನು ಯಾರೂ ರದ್ದು ಮಾಡಲಿಲ್ಲ. ಅದು ಯಾವ ಆದೇಶದಲ್ಲೂ ಇರಲಿಲ್ಲವಲ್ಲ, ಹೋದಾಗ ಯಾವ ವರದಿಯಲ್ಲೂ ಕಾಣಲಿಲ್ಲ. ಹಣ ಬಂತು. 2018–19ರಿಂದ ಸಮಗ್ರ ಶಿಕ್ಷಣದಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿವರೆಗೆ ಆಟದ ಸಾಮಾನಿಗೆ ಅನುದಾನ. ಚೆಂಡಿಗಾಗಿ ಊರಿನ ಹಿರಿಯರ ಮುಂದೆ ನಿಲ್ಲುತ್ತಿದ್ದ ನನಗೆ ಅದನ್ನು ಕಂಡು ಕಣ್ಣು ತುಂಬಿತು. ಆದರೆ ಆಡಿಸುವವರು ಇಲ್ಲದ ಶಾಲೆಗಳಲ್ಲಿ ಆ ಚೆಂಡುಗಳು ಬೀರುವಿನಲ್ಲೇ ಗಾಳಿ ಕಳೆದುಕೊಂಡದ್ದನ್ನೂ ನೋಡಿದೆ.

ಮಕ್ಕಳಲ್ಲಿ ಆಟದ ಹುಚ್ಚು ಕುಗ್ಗಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2014ರಲ್ಲಿ ಪ್ರೊ ಕಬಡ್ಡಿ ಟಿವಿಯಲ್ಲಿ ಬಂದ ಮರುದಿನದಿಂದಲೇ ಊರಿನ ಓಣಿಯಲ್ಲಿ ಹುಡುಗರು ತೊಡೆ ತಟ್ಟುತ್ತಿದ್ದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ನಡೆದು, ಭಾರತದ ಮಹಿಳೆಯರು, ಪುರುಷರು ಇಬ್ಬರೂ ನೇಪಾಳವನ್ನು ಸೋಲಿಸಿ ಗೆದ್ದರು. ಆ ಮಹಿಳಾ ತಂಡದಲ್ಲಿ ಆಡಿದ ಬಿ. ಚೈತ್ರಾ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹೊಳೆಯಂಚಿನ ಮಣ್ಣಿನಲ್ಲಿ ಬೂದಿಯ ಗೆರೆ ಎಳೆದು ಆಡಿಸುತ್ತಿದ್ದ ಆಟ ಮ್ಯಾಟಿನ ಮೇಲೆ, ದೀಪಗಳ ಕೆಳಗೆ, ಜಗತ್ತಿನ ಎದುರು ನಡೆದದ್ದನ್ನು ಈ ಸೀಮೆಯ ಎಲ್ಲ ಡ್ರಿಲ್ ಮೇಷ್ಟ್ರುಗಳೂ ತಮ್ಮ ಮನೆಯ ಹಬ್ಬದಂತೆ ಕಂಡೆವು.

ಇಂಥವರು ಇನ್ನೂ ಬರಬೇಕಾದರೆ ಸಂಜೆಯ ಆ ಒಂದು ಗಂಟೆಗೆ ಶಾಲೆಯ ದಾಖಲೆಯಲ್ಲಿ ಜಾಗ ಸಿಗಬೇಕು. ಯಾವ ಶಾಲೆಯಲ್ಲಿ ಯಾರು ಆಡಿಸುತ್ತಾರೆ ಎಂದು ಬರೆಯಬೇಕು, ಆಡಿಸುವವರಿಗೆ ಅದು ಕೆಲಸದ ಹೊತ್ತು ಎಂದು ಎಣಿಸಬೇಕು. ಡ್ರಿಲ್ ಮೇಷ್ಟ್ರು ಇಲ್ಲದ ಊರಿನಲ್ಲಿ ರಾಜ್ಯ ಮಟ್ಟಕ್ಕೆ ಆಡಿ ಬಂದ ಅಣ್ಣ, ಅಕ್ಕಂದಿರು ಇದ್ದಾರೆ. ಅವರಿಗೆ ಗೌರವಧನ ಕೊಟ್ಟು ಕರೆಯಬಹುದು. ಶಾಲೆಯ ಜಾಗದಲ್ಲಿ ಹೊಸದೇನಾದರೂ ಕಟ್ಟುವ ಮೊದಲು ಶಾಲಾಭಿವೃದ್ಧಿ ಸಮಿತಿಯವರು ಒಂದು ಖೊ ಖೊ ಅಂಕಣದಷ್ಟು ನೆಲವನ್ನು ಅಳೆದು ಬಿಟ್ಟಿಡಬೇಕು. ಇದಕ್ಕೆ ದೊಡ್ಡ ಹಣ ಬೇಡ. ನಾವು ಇಷ್ಟನ್ನೂ ಆದೇಶವಿಲ್ಲದೆ ಮಾಡಿದ್ದೆವು. ಈಗ ಆದೇಶವಾಗಿಯೇ ಬರಲಿ ಎಂದು ಕೇಳುತ್ತಿದ್ದೇನೆ. ಬರೆದಿಡದೆ ಹೋದ ಒಳ್ಳೆಯ ಕೆಲಸ ಎಷ್ಟು ಸುಲಭವಾಗಿ ಅಳಿಸಿ ಹೋಗುತ್ತದೆ ಎಂಬುದನ್ನು ನನ್ನ ವೃತ್ತಿಯಲ್ಲಿ ಕಣ್ಣಾರೆ ನೋಡಿದ್ದೇನೆ.