ರೋಗಾಣುವಿನ ವೈರಿಯ ಆಯುಧ

ನಮ್ಮ ಕಣ್ಣೀರು ಬರಿಯ ಉಪ್ಪುನೀರಲ್ಲ. ಬ್ಯಾಕ್ಟೀರಿಯಾಗಳ ಗೋಡೆಯನ್ನು ಕರಗಿಸುವ ಕಿಣ್ವವೊಂದು ಅದರಲ್ಲಿದೆ. ಕೋಳಿಮೊಟ್ಟೆಯ ಬಿಳಿಭಾಗದಲ್ಲೂ ಇದೆ. 1922ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದವರು ಅಲೆಕ್ಸಾಂಡರ್ ಫ್ಲೆಮಿಂಗ್. ಆರು ವರ್ಷಗಳ ತರುವಾಯ ಪೆನಿಸಿಲಿನ್ ಕಂಡವರೂ ಅವರೇ. ಪೆನಿಸಿಲಿನ್ನಿನ ಕೀರ್ತಿಯ ಮುಂದೆ ಕಣ್ಣೀರಿನ ಕಿಣ್ವ ಮರೆಗೆ ಸರಿಯಿತು. ಕನ್ನಡ ಪಾಠ ಹೇಳುವ ನಮಗೆ ಈ ವಿಷಯದ ಗೊಡವೆ ಏಕೆಂದು ಪಾಲಕರು ಕೇಳಿಯಾರು. ಕಾರಣವುಂಟು.

ನಮ್ಮ ಗಟ್ಟು ಸೀಮೆ ಹತ್ತಿಬೀಜದ ಸೀಮೆ. ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನ ತಂದೆಗೆ ಹೊಲದಲ್ಲಿ ಜಾಲಿಮುಳ್ಳು ನಟ್ಟು ಕಾಲು ಕೀವು ತುಂಬಿತು. ಅಂಗಡಿಯಿಂದ ಗುಳಿಗೆ ತಂದು ಎರಡು ದಿನ ನುಂಗಿ, ನೋವು ತಗ್ಗಿದೊಡನೆ ಬಿಟ್ಟರು. ವೈದ್ಯರ ಚೀಟಿಯಿಲ್ಲದೆ ನುಂಗಬಾರದೆಂದು ಹೇಳುವ ಕೆಂಪು ಗೆರೆ ಆ ಗುಳಿಗೆಯ ಹಾಳೆಯ ಮೇಲೆಯೇ ಇತ್ತು. ತಿಂಗಳಲ್ಲಿ ಹುಣ್ಣು ಮರುಕಳಿಸಿತು. ರಾಯಚೂರಿಗೆ ಕರೆದೊಯ್ದು ಕೀವು ಪರೀಕ್ಷೆ ಮಾಡಿಸಿದಾಗ ಸಾಮಾನ್ಯ ಔಷಧಗಳಿಗೆ ಜಗ್ಗದ ಸ್ಟಫಿಲೊಕಾಕಸ್ ಎಂದು ತಿಳಿಯಿತು. ಅರ್ಧಕ್ಕೆ ಬಿಟ್ಟದ್ದರಿಂದಲೇ ಹೀಗಾಯಿತೆನ್ನಲಾಗದು. ಮೆಥಿಸಿಲಿನ್ ಔಷಧಕ್ಕೆ ಸಾಯದ ಈ ಜಾತಿ 1961ರಲ್ಲೇ ಇಂಗ್ಲೆಂಡಿನಲ್ಲಿ ಕಂಡಿತ್ತು. ಕೊನೆಗೆ ಬೇರೊಂದು ಔಷಧದಿಂದ ಹುಣ್ಣು ಮಾಯಿತು. ಮೂರು ವಾರ ಶಾಲೆ ತಪ್ಪಿಸಿ ತಂದೆಯ ಬಳಿಯಿದ್ದ ಹುಡುಗ ನಮ್ಮನ್ನು ಕೇಳಿದ: “ಸಾರ್, ಈ ಹುಳಕ್ಕ ವೈರಿ ಯಾರೂ ಇಲ್ಲೇನ್ರಿ?”

ಇದ್ದಾನೆ. ಗಂಗಾ ಯಮುನೆಯರ ನೀರಿನಲ್ಲಿ ಕಾಲರಾ ರೋಗಾಣುಗಳು ಸಾಯುವುದನ್ನು 1896ರಲ್ಲಿ ಹ್ಯಾಂಕಿನ್ ಎಂಬ ವಿಜ್ಞಾನಿ ವರದಿ ಮಾಡಿದರು. ಬ್ಯಾಕ್ಟೀರಿಯಾವನ್ನೇ ಬೇಟೆಯಾಡುವ ವೈರಸ್ಸಿಗೆ 1917ರಲ್ಲಿ ಡಿ’ಹೆರೆಲ್ ಎಂಬುವರು ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟರು. ಈ ಫೇಜ್ ಒಳಹೊಗುವಾಗ ಒಂದು ಕಿಣ್ವದಿಂದ ಗೋಡೆಗೆ ರಂಧ್ರ ಕೊರೆಯುತ್ತದೆ. ಒಳಗೆ ತನ್ನ ಸಂತಾನ ಬೆಳೆಸಿ, ಮತ್ತೊಂದು ಕಿಣ್ವದಿಂದ ಗೋಡೆಯನ್ನು ಕಡಿಯುತ್ತದೆ. ಒಳಗಿನ ಒತ್ತಡಕ್ಕೆ ಬ್ಯಾಕ್ಟೀರಿಯಾ ಬಲಿತ ಹತ್ತಿಕಾಯಿಯಂತೆ ಬಿರಿದು, ಮರಿಗಳು ಹೊರಬೀಳುತ್ತವೆ.

ವೈರಸ್ಸನ್ನು ಬಿಟ್ಟು ಆ ಕಿಣ್ವವನ್ನಷ್ಟೇ ಬಳಸಿದರೆ? 2001ರಲ್ಲಿ ಅಮೆರಿಕದ ಫಿಶೆಟ್ಟಿ ಮತ್ತು ಸಂಗಡಿಗರು ಇಲಿಗಳ ಗಂಟಲಿನ ಸ್ಟ್ರೆಪ್ಟೊಕಾಕಸ್ ಮೇಲೆ ಹೀಗೆ ಮಾಡಿ ಗೆದ್ದರು. ನಮಗೆ ಹೆಚ್ಚು ಹಿಡಿಸಿದ್ದು ಬೆಂಗಳೂರಿನ ಗಂಗಾಜೆನ್ ಸಂಸ್ಥೆಯ ಕೆಲಸ. ‘ಕೆ’ ಎಂಬ ಫೇಜಿನ ಬಾಲದ ಕಿಣ್ವದಿಂದ ಗೋಡೆ ಕಡಿಯುವ ತುಂಡನ್ನೂ, ಲೈಸೊಸ್ಟಫಿನ್ ಎಂಬ ಇನ್ನೊಂದು ಕಿಣ್ವದಿಂದ ಗೋಡೆಗೆ ಅಂಟುವ ತುಂಡನ್ನೂ ಜೋಡಿಸಿ ಅವರು ಪಿ128 ಎಂಬ ಪ್ರೋಟೀನು ಮಾಡಿದರು. ಕೊಡಲಿಗೆ ಕಾವು ಹಾಕಿದ ಹಾಗೆ! ಮೆಥಿಸಿಲಿನ್ನಿಗೆ ಜಗ್ಗದ ಸ್ಟಫಿಲೊಕಾಕಸ್ಸನ್ನೂ ಅದು ಕೊಲ್ಲುತ್ತದೆಂದು 2011ರಲ್ಲಿ ಪ್ರಕಟಿಸಿದರು.

ಇಂಥ ಕಿಣ್ವಗಳು ತಮ್ಮ ಗುರಿಯ ಜಾತಿಯನ್ನು ಕೊಂದು, ಹೊಟ್ಟೆಯಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಬಹುಮಟ್ಟಿಗೆ ಉಳಿಸುತ್ತವೆ. ಆದರೆ ಟೈಫಾಯಿಡ್, ಕಾಲರಾ ರೋಗಾಣುಗಳಿಗೆ ಗೋಡೆಯ ಹೊರಗೆ ಇನ್ನೊಂದು ಪೊರೆಯಿದೆ. ಹೊರಗಿನಿಂದ ಬಂದ ಕಿಣ್ವವನ್ನು ಅದು ಸಾಮಾನ್ಯವಾಗಿ ಅಲ್ಲೇ ತಡೆಯುತ್ತದೆ. ಪ್ರಯೋಗಾಲಯದಲ್ಲಿ ಗೆದ್ದದ್ದು ರೋಗಿಯಲ್ಲಿ ಗೆಲ್ಲಬೇಕೆಂದೂ ಇಲ್ಲ. ರಕ್ತಕ್ಕೆ ಸೇರಿದ ಸ್ಟಫಿಲೊಕಾಕಸ್ಸಿಗಾಗಿ ಅಮೆರಿಕದಲ್ಲಿ ಎಕ್ಸೆಬಕೇಸ್ ಎಂಬ ಇಂಥದೇ ಕಿಣ್ವವನ್ನು ರೋಗಿಗಳಿಗೆ ಮಾಮೂಲು ಔಷಧಗಳ ಜೊತೆಗೆ ಕೊಟ್ಟು ನೋಡಿದರು. ನಿರೀಕ್ಷಿಸಿದ ಲಾಭ ಕಾಣದೆ 2022ರಲ್ಲಿ ಆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು.