ಐದನೇ ಸ್ಥಾನದ 11 ಪಾಯಿಂಟ್

ಸಂಜಯನಗರದ ಪಿಜಿಯಲ್ಲಿ ನಾವು ಮೂವರು ಒಂದೇ ರೂಮು. ಭಾನುವಾರ ಫಾರ್ಮುಲಾ ಒನ್ ಇದ್ದರೆ ಲ್ಯಾಪ್‌ಟಾಪ್ ಮುಂದೆ ಕೂತುಬಿಡ್ತೀವಿ. ಮೊದಮೊದಲು ಯಾರು ಗೆದ್ರು ಅಂತ ಮಾತ್ರ ನೋಡ್ತಿದ್ವಿ. ಹತ್ತನೇ ಸ್ಥಾನಕ್ಕೂ ಯಾಕೆ ಅಷ್ಟು ಹೊಡೆದಾಟ ಅನ್ನೋದು ಆಮೇಲೆ ಗೊತ್ತಾಯ್ತು. ಗೆದ್ದವರಿಗೆ 25 ಪಾಯಿಂಟ್, ಎರಡನೆಯವರಿಗೆ 18, ಹೀಗೆ ಇಳಿದು ಹತ್ತನೆಯವರಿಗೆ 1. ವರ್ಷದ ಕೊನೆಗೆ ಎಲ್ಲ ಕೂಡಿಸಿ ಚಾಂಪಿಯನ್. 2008ರಲ್ಲಿ ಫೆಲಿಪೆ ಮಾಸಾ 6 ರೇಸ್ ಗೆದ್ದರು, ಲೂಯಿಸ್ ಹ್ಯಾಮಿಲ್ಟನ್ 5. ಆದರೂ 98–97ರಲ್ಲಿ ಚಾಂಪಿಯನ್ ಆಗಿದ್ದು ಹ್ಯಾಮಿಲ್ಟನ್!

ಈ ಲೆಕ್ಕ ನಮ್ಮ ತಲೆಗೆ ನಿಜವಾಗಿ ಹೋಗಿದ್ದು ಥರ್ಡ್ ಸೆಮ್ ರಿಸಲ್ಟ್ ಬಂದ ದಿನ. ಮ್ಯಾಥ್ಸ್ ಪೇಪರ್ ತುಂಬಾ ಕಷ್ಟ ಇತ್ತು. ನಮ್ಮಲ್ಲೊಬ್ಬ, "ಹೇಗೂ ಒಳ್ಳೆ ಮಾರ್ಕ್ಸ್ ಬರಲ್ಲ" ಅಂತ ಅರ್ಧ ಗಂಟೆಗೇ ಎದ್ದು ಹೋಗಿದ್ದ. ನಿಜ ಹೇಳ್ಬೇಕಂದ್ರೆ ಉಳಿದ ನಮಗೂ ಏಳೋ ಮನಸ್ಸಾಗಿತ್ತು. ಹೇಗೋ ಕೂತು, ಗೊತ್ತಿದ್ದಷ್ಟು ಗೀಚಿ, ಅಂಚಿನಲ್ಲಿ ಪಾಸಾದ್ವಿ. ಅವನಿಗೆ ಬ್ಯಾಕ್‌ಲಾಗ್. ಊಟ ಬಿಟ್ಟ. "ಇಂಜಿನಿಯರಿಂಗ್ ಬೇಡ, ಊರಿಗೆ ಹೋಗ್ತೀನಿ" ಅಂದ.

ರಾತ್ರಿ ಅವನನ್ನ ಎಳೆದುಕೊಂಡು ಭೂಪಸಂದ್ರದ ಕಡೆ ಟೀ ಕುಡಿಯೋಕೆ ಹೋದ್ವಿ. ಏನು ಹೇಳೋದು ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಆಗ ನೆನಪಾಗಿದ್ದು ನಮ್ಮ ಬೆಂಗಳೂರಿನ ಬೈಕ್ ರೇಸರ್ ಐಶ್ವರ್ಯ ಪಿಸ್ಸೆ. 2018ರಲ್ಲಿ ಸ್ಪೇನ್‌ನ ಬಾಹಾ ರ‍್ಯಾಲಿಯಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡಿದ್ದರು. ಮುಂದಿನ ವರ್ಷವೇ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ಚಾಂಪಿಯನ್ ಆದರು. ಅವರ ಲೆಕ್ಕ ನೋಡಿ: ದುಬೈಯಲ್ಲಿ ಮೊದಲ ಸ್ಥಾನ, 25. ಪೋರ್ಚುಗಲ್‌ನಲ್ಲಿ ಮೂರನೇದು, 16. ಸ್ಪೇನ್‌ನಲ್ಲಿ ಐದನೇದು, 11. ಹಂಗೇರಿಯಲ್ಲಿ ನಾಲ್ಕನೇದು, 13. ಒಟ್ಟು 65. ಎರಡನೇ ಸ್ಥಾನಕ್ಕೆ ಬಂದ ಪೋರ್ಚುಗಲ್‌ನ ರೀಟಾ ವಿಯೇರಾಗೆ 61.

ಅಂದ್ರೆ ನಾಲ್ಕರಲ್ಲಿ ಗೆದ್ದಿದ್ದು ಒಂದೇ ಒಂದು. ಹಿಂದಿನ ವರ್ಷ ಬಿದ್ದ ಅದೇ ದೇಶದಲ್ಲಿ ಅರ್ಧಕ್ಕೆ ನಿಲ್ಲಿಸಿದ್ದರೆ ಸೊನ್ನೆ. ಆಗ ಒಟ್ಟು 54, ಕಪ್ ಬೇರೆಯವರದ್ದು. ಆ ಐದನೇ ಸ್ಥಾನಕ್ಕೆ ಪೋಡಿಯಂ ಇಲ್ಲ, ಶಾಂಪೇನ್ ಇಲ್ಲ. ಆದ್ರೆ ಆ 11 ಪಾಯಿಂಟೇ ಉಳಿಸಿದ್ದು.

ಅವನು ಏನೂ ಮಾತಾಡ್ಲಿಲ್ಲ. ಟೀ ಮುಗಿಸಿ, "54 ಅಲ್ವಾ?" ಅಂತ ಇನ್ನೊಂದ್ಸಲ ಕೇಳಿದ, ಅಷ್ಟೇ. ಊರಿಗೆ ಹೋಗ್ಲಿಲ್ಲ.

ಈಗ ಬ್ಯಾಕ್‌ಲಾಗ್ ಪರೀಕ್ಷೆಗೆ ಫೀಸ್ ಕಟ್ಟಿದ್ದಾನೆ. ಪಾಸಾಗ್ತಾನೋ ಇಲ್ವೋ, ನಮಗೂ ಗೊತ್ತಿಲ್ಲ. ಆದ್ರೆ ನಾವು ಮೂವರೂ ಒಂದು ಒಪ್ಪಂದ ಮಾಡ್ಕೊಂಡಿದ್ದೀವಿ: ಪೇಪರ್ ಹೇಗೇ ಇರಲಿ, ಕೊನೇ ಬೆಲ್ ಹೊಡೆಯೋವರೆಗೆ ಯಾರೂ ಏಳೋ ಹಾಗಿಲ್ಲ.